ಮಾಟುಂಗಾದ ಮಾಣಿಗಳು ಎಲ್ಲಿ ಹೋದರು?

ಮಾಟುಂಗಾ ಪೂರ್ವದ ಮೂರು ರಸ್ತೆಗಳಿಗೆ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ಹೆಸರುಗಳಿವೆ: ಭಂಡಾರ್ಕರ್, ತೆಲಂಗ್, ಭಾವು ದಾಜಿ. ಕಾಶೀನಾಥ ತ್ರ್ಯಂಬಕ ತೆಲಂಗರು ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವರು, ಮುಂದೆ ಹೈಕೋರ್ಟ್ ನ್ಯಾಯಮೂರ್ತಿಯಾದವರು. ಭಾವು ದಾಜಿ ಲಾಡ್ ವೈದ್ಯರು, ಹಳೆಯ ಶಾಸನಗಳ ಬೆನ್ನು ಹತ್ತಿದವರು. ಬೈಕುಲಾದ ಮ್ಯೂಸಿಯಂಗೂ ಅವರದೇ ಹೆಸರು. ಆದರೆ ನಮ್ಮಂಥವರಿಗೆ ಭಂಡಾರ್ಕರ್ ಎಂದರೆ ಪೈನಾಪಲ್ ಶೀರಾ, ತೆಲಂಗ್ ಎಂದರೆ ಮಲ್ಲಿಗೆ ದಂಡೆ, ಭಾವು ದಾಜಿ ಎಂದರೆ ರಸಂ ಇಡ್ಲಿ. ವಿದ್ವಾಂಸರು ಕ್ಷಮಿಸಲಿ.

ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನಿನಲ್ಲಿ ಇಳಿದು ಕಿಂಗ್ಸ್ ಸರ್ಕಲ್‌ವರೆಗೆ ನಡೆದರೆ ಹೆಚ್ಚೆಂದರೆ ಹದಿನೈದು ನಿಮಿಷ. ನನಗೆ ಮಾತ್ರ ಒಂದು ಗಂಟೆಗಿಂತ ಕಡಿಮೆ ಹಿಡಿದ ನೆನಪಿಲ್ಲ. ಸ್ಟೇಷನ್ ಬಳಿಯ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಕೆಳಗಿಳಿದು ಬಂದರೆ ರಾಮಾಶ್ರಯ, ಅದು 1939ರದ್ದು. ಮುಂದೆ ಹೂವಿನವರು, ಬಾಳೆ ಎಲೆಯವರು, ಹಪ್ಪಳ ಸಂಡಿಗೆ ಮಾರುವವರು. ಸರ್ಕಲ್ ತಲುಪಿದರೆ ಕೆಫೆ ಮೈಸೂರ್, ಭಾವು ದಾಜಿ ರಸ್ತೆಗೆ ತಿರುಗಿದರೆ ಕೆಫೆ ಮದ್ರಾಸ್. ಹೆಸರು ಮದ್ರಾಸ್ ಆದರೂ ನಡೆಸುವ ಕಾಮತರ ಬೇರು ನಮ್ಮ ಕರಾವಳಿಯದು. ಆ ಕಾಲದ ಮುಂಬಯಿಯಲ್ಲಿ ವಿಂಧ್ಯದ ಈಚೆ ಹುಟ್ಟಿದವರೆಲ್ಲ ಮದ್ರಾಸಿಗಳೇ ತಾನೇ. ಅದೇ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಕೂಡ ಇದೆ. ಅಲ್ಲಿ ಸಂಜೆ ನಾಟಕ, ಇಲ್ಲಿ ಅದಕ್ಕೆ ಮೊದಲು ಕಾಫಿ. ಎಷ್ಟೋ ವರ್ಷ ನನ್ನ ಶನಿವಾರ ಎಂದರೆ ಇಷ್ಟೇ.

ನಾನು ಹಾಸನದ ಕಡೆಯವನು. 1987ರಲ್ಲಿ ಬ್ಯಾಂಕ್ ಕೆಲಸಕ್ಕೆಂದು ಬಂದು ಸಯನ್‌ನಲ್ಲಿ ನಾಲ್ವರು ಸೇರಿ ಒಂದು ರೂಮು ಹಿಡಿದಿದ್ದೆವು. ರೂಮಿನಲ್ಲಿ ಸ್ಟೌ ಹಚ್ಚಕೂಡದೆಂದು ಮನೆಯೊಡತಿಯ ಕಟ್ಟಪ್ಪಣೆ. ಹಾಗಾಗಿ ರಾತ್ರಿಯ ಊಟಕ್ಕೆ ಮಾಟುಂಗಾವೇ ಗತಿ. ಮುದ್ದೆ, ಬಸ್ಸಾರಿನಲ್ಲಿ ಬೆಳೆದ ನನಗೆ ಕರಾವಳಿಯ ಅಡುಗೆ ಮೊದಮೊದಲು ಪರದೇಶದ್ದೇ. ಸಾಂಬಾರಿನಲ್ಲಿ ಬೆಲ್ಲ ಯಾಕೆ, ಪಲ್ಯಕ್ಕೆಲ್ಲ ತೆಂಗಿನಕಾಯಿ ಯಾಕೆ ಎಂದು ತಕರಾರು. ಆರು ತಿಂಗಳಲ್ಲಿ ತಕರಾರು ಹೋಯಿತು. ಊರಿಗೆ ಹೋದಾಗ ಅವ್ವನ ಸಾರಿನಲ್ಲಿ ‘ಖಾರ ಜಾಸ್ತಿ’ ಎಂದು ಹೇಳಿ ಬೈಸಿಕೊಂಡಿದ್ದೂ ಆಯಿತು.

ಈ ಜಾಗಗಳ ಗುಣ ನೋಡಿ. ಇವನ್ನು ಕಟ್ಟಿದ್ದು ಸಂಸಾರ ಕರೆದುಕೊಂಡು ಬಂದು ಸಂಭ್ರಮಿಸುವವರಿಗಲ್ಲ, ಒಬ್ಬೊಬ್ಬರೇ ಇದ್ದವರಿಗೆ. ಬೋರ್ಡಿಂಗ್ ಎಂಬ ಮಾತಿನಲ್ಲೇ ಅದಿದೆ. ಒಂದು ಮೇಜಿಗೆ ನಾಲ್ಕು ಕುರ್ಚಿ, ನಾಲ್ಕರಲ್ಲಿ ನಾಲ್ವರು ಅಪರಿಚಿತರು. ಯಾರೂ ಯಾರನ್ನೂ ಮಾತಾಡಿಸಬೇಕಿಲ್ಲ, ಹಾಗೆಂದು ಒಂಟಿ ಎಂದೂ ಅನ್ನಿಸದು. ನಿಮ್ಮ ಎದುರಿನವರ ದೋಸೆಯನ್ನು ನೋಡಿಯೇ ಮುಂದಿನದನ್ನು ಹೇಳಬಹುದು. ಊಟ ಮುಗಿದ ಮೇಲೆ ಮಾತ್ರ ಕೂರುವಂತಿಲ್ಲ, ಹಿಂದೆ ನಿಂತವರು ನಿಮ್ಮ ಕುರ್ಚಿಯ ಬೆನ್ನು ಹಿಡಿದಿರುತ್ತಾರೆ. ಮುಂಬಯಿಯಲ್ಲಿ ಇದನ್ನು ಯಾರೂ ಒರಟುತನ ಎನ್ನುವುದಿಲ್ಲ.

ಇತ್ತೀಚೆಗೆ ಪುಣೆಯಿಂದ ಬಂದಿದ್ದ ನನ್ನ ಅಕ್ಕನ ಮಗಳು ಒಂದು ದೂರು ಹೇಳಿದಳು. “ಮಾಮ, ನೀವು ಅಷ್ಟು ಹೊಗಳಿದ್ರಿ. ನಾನು ಕನ್ನಡದಲ್ಲಿ ಕೇಳಿದ್ರೆ ಆ ಹುಡುಗ ಹಿಂದಿಯಲ್ಲಿ ಉತ್ತರ ಕೊಟ್ಟ. ಗಲ್ಲಾದಲ್ಲಿದ್ದವರೊಬ್ಬರಿಗೆ ಬಿಟ್ಟು ಯಾರಿಗೂ ಕನ್ನಡ ಬರಲ್ಲ.” ಇದೇ ದೂರನ್ನು ನಮ್ಮ ಸಂಘದ ಹಿರಿಯರ ಬಾಯಲ್ಲಿ ನಿಟ್ಟುಸಿರಿನೊಂದಿಗೆ ಕೇಳಿದ್ದೇನೆ: ‘ಮಾಟುಂಗಾ ಮೊದಲಿನಂತಿಲ್ಲ, ನಮ್ಮ ಹುಡುಗರೇ ಇಲ್ಲ.’

ಹೌದು, ಇಲ್ಲ. ಈಗ ಬಡಿಸುವವರು ಒಡಿಶಾ, ಝಾರ್ಖಂಡ್, ಉತ್ತರ ಪ್ರದೇಶದ ಹುಡುಗರು. ನಾನು ಬಂದ ಕಾಲಕ್ಕೆ ಒಂದು ಇಡ್ಲಿ ಹೇಳಿದರೆ ಒಳಗೆ ಹೋಗುವ ಕೂಗು ತುಳುವಿನಲ್ಲಿ, ಗಲ್ಲಾದ ಲೆಕ್ಕ ಕೊಂಕಣಿಯಲ್ಲಿ, ನನಗೆ ಉತ್ತರ ಕುಂದಾಪುರದ ಕನ್ನಡದಲ್ಲಿ ಬರುತ್ತಿತ್ತು. ಆ ಮೂರರಲ್ಲಿ ಎರಡು ನನಗೆ ಅರ್ಥವಾಗುತ್ತಿರಲಿಲ್ಲ. ಆದರೂ ಮನೆಗೆ ಬಂದ ಹಾಗಾಗುತ್ತಿತ್ತು ಎನ್ನುವುದನ್ನು ಅಲ್ಲಗಳೆಯಲಾರೆ. ಆದರೆ ನಿಟ್ಟುಸಿರು ಬಿಡುವ ಮೊದಲು ಆ ಹುಡುಗರು ಎಲ್ಲಿ ಹೋದರು ಎಂದು ಕೇಳಬೇಕಲ್ಲವೇ?

ಒಬ್ಬರು ಎಲ್ಲಿ ಹೋದರೆಂದು ನನಗೆ ಗೊತ್ತು. ನಮ್ಮ ಶಾಖೆಯಲ್ಲಿ ಹೆಡ್ ಕ್ಯಾಶಿಯರ್ ಆಗಿದ್ದ ಶೆಟ್ರು. ಕುಂದಾಪುರದಿಂದ ಒಳಗೆ, ಬಸ್ಸೂ ಇಲ್ಲದ ಊರು. ತಂದೆ ತೀರಿಕೊಂಡ ವರ್ಷ, 1958ರಲ್ಲಿ, ಹದಿಮೂರನೇ ವಯಸ್ಸಿಗೆ ಊರಿನವರೊಬ್ಬರ ಹಿಂದೆ ಮುಂಬಯಿಗೆ ಬಂದವರು. ಬಂದ ಮರುದಿನದಿಂದಲೇ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಬೆಳಗಿನ ನಾಲ್ಕಕ್ಕೆ ಏಳಬೇಕು. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿದರೆ ಅದೇ ಹಾಸಿಗೆ. ನಡುವೆ ಸಂಜೆ ಎರಡು ಗಂಟೆ ಕೋಟೆಯ ಕಡೆ ರಾತ್ರಿಶಾಲೆ, ಕನ್ನಡ ಮಾಧ್ಯಮ. ಅಲ್ಲಿ ಪಾಠ ಕೇಳುತ್ತ ನಿದ್ದೆ ಹೋಗದವರು ಯಾರೂ ಇರಲಿಲ್ಲವಂತೆ, ಮೇಷ್ಟ್ರೂ ಹಗಲು ಬೇರೆ ಕಡೆ ದುಡಿದು ಬಂದವರೇ. ಎರಡು ಸಲ ಫೇಲಾಗಿ ಮೂರನೇ ಸಲ ಎಸ್ಸೆಸ್ಸಿ ಪಾಸು. ಆಮೇಲೆ ಬ್ಯಾಂಕಿನಲ್ಲಿ ಜವಾನ, ಅಲ್ಲಿಂದ ಕ್ಲರ್ಕು, ಅಲ್ಲಿಂದ ಕ್ಯಾಶು.

ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಅವರನ್ನೂ ಎಳೆದುಕೊಂಡು ಮಾಟುಂಗಾಕ್ಕೆ ಹೋಗುತ್ತಿದ್ದೆ. ನಾನು ರಸಂ ಇಡ್ಲಿಯ ಗುಣಗಾನ ಮಾಡುತ್ತಿದ್ದರೆ ಅವರು ಮಾತೇ ಆಡುತ್ತಿರಲಿಲ್ಲ. ಕಣ್ಣೆಲ್ಲ ಮೇಜು ಒರೆಸುವ ಹುಡುಗನ ಮೇಲೆ. ಒಮ್ಮೆ ಕೇಳಿದಾಗ ಹೇಳಿದ್ದು ಇಷ್ಟು: “ನಿಮ್ಗೆ ಇದು ರುಚಿ ಗೌಡ್ರೆ. ನಮ್ಗೆ ಡ್ಯೂಟಿ ಆಗಿತ್ತು ಮಾರಾಯ್ರೆ.” ಬಿಲ್ಲಿನ ಜೊತೆಗೆ ಆ ಹುಡುಗನ ಕೈಗೆ ಏನೋ ತುರುಕಿ, “ಓದ್ತಾ ಇದ್ಯಾ?” ಎಂದು ಗದರಿಸುವ ಧ್ವನಿಯಲ್ಲಿ ಕೇಳುತ್ತಿದ್ದರು. ‘ಹೌದು’ ಎಂದವನಿಗೆ ಇನ್ನೂ ಸ್ವಲ್ಪ.

ಶೆಟ್ರ ಮಗಳು ಡಾಕ್ಟರು, ಮಗ ಪುಣೆಯಲ್ಲಿ ಸಾಫ್ಟ್‌ವೇರು. ಇಬ್ಬರೂ ಯಾರ ಮೇಜನ್ನೂ ಒರೆಸಲಿಲ್ಲ. ಅವರು ಒರೆಸಬಾರದೆಂದೇ ಅಪ್ಪ ರಾತ್ರಿಶಾಲೆಗೆ ಹೋದದ್ದು. ಊರಿನಲ್ಲೂ ಈಗ ಹದಿಮೂರರ ಹುಡುಗರನ್ನು ಮುಂಬಯಿಗೆ ಕಳಿಸಬೇಕಾದ ಹಸಿವಿಲ್ಲ, ಬಸ್ಸೂ ಕಾಲೇಜೂ ಮನೆಬಾಗಿಲಿಗೆ ಬಂದಿವೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಒಂದು ರಾತ್ರಿಯ ಪ್ರಯಾಣ. ಆದರೆ ಅಷ್ಟರಲ್ಲಿ ಆ ರೈಲು ಹತ್ತಿ ಕಪ್ಪು ತೊಳೆಯಲು ಬರುವವರು ಮುಗಿದಿದ್ದರು. ಮಾಟುಂಗಾದ ಮೇಜುಗಳ ನಡುವೆ ನಮ್ಮ ಭಾಷೆ ಕಡಿಮೆಯಾದದ್ದು ಹೀಗೆ. ಇದಕ್ಕೆ ನಿಟ್ಟುಸಿರು ಬಿಡಲು ನನಗೆ ಮನಸ್ಸು ಬಾರದು. ನಮ್ಮ ಹಿರಿಯರ ನೆನಪಿನಲ್ಲಿ ಸಿಹಿಯಾಗಿರುವ ಆ ಕೂಗು, ಶಾಲೆಯಲ್ಲಿರಬೇಕಾಗಿದ್ದ ಮಕ್ಕಳ ಕೂಗೂ ಆಗಿತ್ತು.

ನಾನು ಚಿಂತೆ ಮಾಡುವುದಿದ್ದರೆ ಬೇರೆ ಎರಡು ಸಂಗತಿಗಳ ಬಗ್ಗೆ. ಒಂದು, ಗೋಡೆ. ಹಳೆಯ ಮುಂಬಯಿಯಲ್ಲಿ ಅಗ್ಗದ ಇಡ್ಲಿಯ ಗುಟ್ಟು ಅಕ್ಕಿ ಉದ್ದಿನಲ್ಲಿಲ್ಲ, ಬಾಡಿಗೆಯಲ್ಲಿದೆ. ಪಗಡಿ ಕೊಟ್ಟು ಹಿಡಿದ ಮಳಿಗೆಗಳಿಗೆ 1947ರ ಬಾಡಿಗೆ ಕಾನೂನಿನ ಆಸರೆಯಿತ್ತು. ಇಂದಿನ ಬಾಡಿಗೆ ತೆತ್ತು ಯಾರೂ ನಾಲ್ವರು ಅಪರಿಚಿತರನ್ನು ಒಂದು ಮೇಜಿಗೆ ಕೂರಿಸಿ ಇಪ್ಪತ್ತು ನಿಮಿಷದಲ್ಲಿ ಎಬ್ಬಿಸುವ ವ್ಯಾಪಾರ ಶುರು ಮಾಡಲಾರರು. ಸುತ್ತಲಿನ ಕಟ್ಟಡಗಳು ಒಂದೊಂದಾಗಿ ಬಿದ್ದು ಗೋಪುರಗಳು ಏಳುತ್ತಿವೆ. ಹೊಸ ಕಟ್ಟಡದಲ್ಲಿ ಅಷ್ಟೇ ಜಾಗ ಸಿಕ್ಕರೂ ಅದೇ ಹೋಟೆಲು ಮರಳುತ್ತದೆಂದು ಹೇಳಲಾಗದು. ಭಾನುವಾರ ಫೋನು ಹಿಡಿದು ಸಾಲಿನಲ್ಲಿ ನಿಂತವರನ್ನು ಕಂಡು ನಮ್ಮಲ್ಲಿ ಕೆಲವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಆ ಸಾಲೇ ಮಾಲೀಕನ ಮುಂದಿನ ತಲೆಮಾರಿಗೆ ‘ಇರಲಿ, ನಡೆಸೋಣ’ ಎನ್ನಿಸುತ್ತಿರಬಹುದು.

ಎರಡನೆಯದು ಆ ಝಾರ್ಖಂಡದ ಹುಡುಗ. ಹೋದ ತಿಂಗಳು ಬಡಿಸಿದವನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಸಾರು, ಹುಳಿ, ಮಜ್ಜಿಗೆ, ಮೂರು ಪದ ಸ್ಪಷ್ಟವಾಗಿ ಹೇಳುತ್ತಾನೆ. ಉಳಿದದ್ದೆಲ್ಲ ಹಿಂದಿ. ಸಂಜೆ ಬಿಡುವಿನಲ್ಲಿ ಏನು ಮಾಡುತ್ತೀ ಎಂದೆ. ಫೋನು ತೋರಿಸಿ ನಕ್ಕ. ಶೆಟ್ರಿಗೆ ಊರಿನವರು ಕಟ್ಟಿದ ರಾತ್ರಿಶಾಲೆ ಇತ್ತು, ಅಲ್ಲಿ ಅವರದೇ ಭಾಷೆಯ ಮೇಷ್ಟ್ರಿದ್ದರು, ಪಾಸಾದರೆ ಬ್ಯಾಂಕಿಗೆ ಅರ್ಜಿ ಬರೆದುಕೊಡುವ ಸಂಘದವರಿದ್ದರು. ಇವನ ಊರಿನವರು ಈ ಮಹಾನಗರದಲ್ಲಿ ಅಂಥದ್ದನ್ನು ಇನ್ನೂ ಕಟ್ಟಿಕೊಂಡಂತೆ ಕಾಣೆ. ನಮ್ಮ ಸಂಘಗಳ ಸಭಾಂಗಣಗಳು ವಾರದ ಐದು ಸಂಜೆ ಖಾಲಿ ಇರುತ್ತವೆ. ಕಳೆದ ಸಭೆಯಲ್ಲಿ ನಾನು ಇದನ್ನೆತ್ತಿದಾಗ ಒಬ್ಬರು, “ನಮ್ಮ ಮಕ್ಕಳಿಗೇ ಕನ್ನಡ ಕಲಿಸಲು ಆಗುತ್ತಿಲ್ಲ, ಅವರಿಗೇನು ಕಲಿಸುವುದು?” ಎಂದರು. ಇಂಗ್ಲಿಷು, ಲೆಕ್ಕ ಎಂದೆ. ವಿಷಯ ಮುಂದಿನ ಸಭೆಗೆ ಹೋಗಿದೆ. ಮತ್ತೆ ಎತ್ತುತ್ತೇನೆ.

ಶೆಟ್ರಿಗೆ ಈಗ ಎಂಬತ್ತು ದಾಟಿದೆ, ಡೊಂಬಿವಿಲಿಯಿಂದ ಲೋಕಲ್ ಹತ್ತುವುದು ಕಷ್ಟ. ಹಾಗಾಗಿ ಎರಡು ವಾರಕ್ಕೊಮ್ಮೆ ನಾನೇ ರಾಮಾಶ್ರಯದಿಂದ ಶೀರಾ ಕಟ್ಟಿಸಿಕೊಂಡು ಹೋಗುತ್ತೇನೆ. ಡಬ್ಬಿ ತೆರೆಯುವ ಮೊದಲು ಅವರು ಕೇಳುವುದು ರುಚಿಯ ಬಗ್ಗೆ ಅಲ್ಲ, ಯಾರು ಕಟ್ಟಿಕೊಟ್ಟರು, ಎಲ್ಲಿಯವನು, ಎಷ್ಟು ವಯಸ್ಸು ಎಂದು. ಉತ್ತರ ಸಿದ್ಧವಿಲ್ಲದೆ ಹೋದರೆ ಬೈಗುಳ.

ನೀವು ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಎಂಟರೊಳಗೆ ಹೋಗಿ. ಸೋಮವಾರ ಬೇಡ, ಕೆಫೆ ಮದ್ರಾಸ್‌ಗೆ ರಜೆ.