ಬೀರುವಿನೊಳಗಿನ ವಿದ್ಯೆ ಯಾರಿಗೆ?



ಈ ಸಲ ತುಸು ಖಾರವಾಗಿಯೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈಗ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದೀರಿ, ಕೆಲವರು ಪಿಎಚ್.ಡಿ. ಪದವಿಗಾಗಿ ಶ್ರಮಿಸುತ್ತಿದ್ದೀರಿ. ಬೇಸರಿಸದೆ ಕಡೆಯವರೆಗೆ ಓದಬೇಕೆಂದು ಕೋರುತ್ತೇನೆ. ನನ್ನ ವಾದವಿಷ್ಟೆ: ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ನಡೆಸುವ ಸಂಶೋಧನೆಯಾಗಲಿ, ರಚಿಸುವ ಕಥೆ ಕವಿತೆಗಳಾಗಲಿ, ಅದರ ಗೋಡೆಯಾಚೆಯ ಜನರನ್ನು ತಲುಪಿದಾಗಲೇ ಪೂರ್ಣವಾಗುತ್ತವೆ. ತಲುಪಿಸುವುದು ಉಪಕಾರವಲ್ಲ, ಕರ್ತವ್ಯ. ಆ ಕರ್ತವ್ಯವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಇಂದು ಬಹುಮಟ್ಟಿಗೆ ಮರೆತಿವೆ.

ಇದೇನೂ ನಾನು ಹೊಸದಾಗಿ ಹೂಡಿದ ಆದರ್ಶವಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಮೂರೇ ವರ್ಷಗಳಲ್ಲಿ, ಅಂದರೆ 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ 'ಪ್ರಬುದ್ಧ ಕರ್ನಾಟಕ' ಹೊರಟಿತು. ಮುಂದೆ ವಿಶ್ವವಿದ್ಯಾನಿಲಯವೇ ಆ ಪತ್ರಿಕೆಯ ಹೊಣೆ ಹೊತ್ತಿತು. ಪಾಂಡಿತ್ಯದ ಲೇಖನಕ್ಕೂ ಎಳೆಯ ಕವಿಯ ಪದ್ಯಕ್ಕೂ ಅಲ್ಲಿ ಒಂದೇ ಪಂಕ್ತಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ತರಗತಿಯ ಪಾಠಕ್ಕೇ ನಿಲ್ಲದೆ 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಹೊರತಂದರು. ಹೊಸಗನ್ನಡ ಕಾವ್ಯದ ದಾರಿಯೇ ತಿರುಗಿತು. ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿದ್ದ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಗುರುಶಿಷ್ಯರ ನಡುವಿನ ವಿದ್ಯೆ ಹಾಗೆ ನಾಡಿನ ಆಸ್ತಿಯಾಯಿತು.

ಅದೇ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆ ವಿಶ್ವವಿದ್ಯಾನಿಲಯದ ಪ್ರಕಟಣೆ ಮತ್ತು ಉಪನ್ಯಾಸಗಳ ವಿಭಾಗಕ್ಕೆ 'ಪ್ರಸಾರಾಂಗ' ಎಂದು ಹೆಸರು. ಆ ಹೆಸರನ್ನೊಮ್ಮೆ ಗಮನಿಸಿ. ಅದು ಶಾಖೆಯಲ್ಲ, ಕಚೇರಿಯಲ್ಲ; ಅಂಗ, ದೇಹದ ಅವಯವ. ಅಧ್ಯಾಪಕರು ಊರೂರಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಕಿರುಪುಸ್ತಕಗಳಾಗಿ ಹಳ್ಳಿಯ ಶಾಲೆಗಳಿಗೂ ಬರುತ್ತಿದ್ದವು. ಖಗೋಳ, ಆರೋಗ್ಯ, ಇತಿಹಾಸ, ಕವಿಪರಿಚಯ ಎಲ್ಲವೂ ಅಂಗೈಯಗಲದ ಪುಸ್ತಕದಲ್ಲಿ. ಪೀಠೋಪಕರಣವೇ ಇಲ್ಲದ ಪ್ರೌಢಶಾಲೆಯಲ್ಲಿ ಪಾಠಕ್ಕೆ ಸಿದ್ಧನಾಗುತ್ತಿದ್ದ ನನ್ನಂಥ ಮೇಷ್ಟ್ರಿಗೆ ಅವೇ ವಿಶ್ವವಿದ್ಯಾನಿಲಯ.

ಈಗೇನಾಗಿದೆ? 2010ರಲ್ಲಿ ಯುಜಿಸಿ ನಿಯಮಾವಳಿಯು ಅಧ್ಯಾಪಕರ ವಿದ್ವತ್ತನ್ನು ಅಂಕಗಳಲ್ಲಿ ಎಣಿಸುವ ಪದ್ಧತಿಯನ್ನು ತಂದಿತು. ಲೇಖನಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು, ಪುಸ್ತಕಕ್ಕಿಷ್ಟು. 2018ರಲ್ಲಿ ನಿಯಮಗಳು ಬದಲಾದವಾದರೂ ಎಣಿಕೆಯ ಚಾಳಿ ಹೋಗಲಿಲ್ಲ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ನಿಯಮವೂ 2009ರಿಂದ ಇತ್ತು. ಬೇಡಿಕೆಯಿದ್ದಲ್ಲಿ ಅಂಗಡಿ ಏಳುತ್ತದೆ; ಕಾಸು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿಯೇ ತಾನು ಒಪ್ಪಿದ್ದ ಪಟ್ಟಿಯಿಂದ 4305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. 2022ರಲ್ಲಿ ಪಿಎಚ್.ಡಿ.ಗೆ ಲೇಖನದ ಕಡ್ಡಾಯ ಹೋಯಿತು. 2025ರಲ್ಲಿ 'ಕೇರ್' ಪಟ್ಟಿಯನ್ನೂ ಕೈಬಿಟ್ಟರು. ನಿಯಮ ಬಂತು, ನಿಯಮ ಹೋಯಿತು. ಆದರೆ "ಇದನ್ನು ಯಾರು ಓದಿದರು?" ಎಂಬ ಪ್ರಶ್ನೆಯನ್ನು ಯಾವ ನಿಯಮವೂ ಕೇಳಲಿಲ್ಲ.

ನನ್ನ ಶಿಷ್ಯನೊಬ್ಬ ನಮ್ಮ ಸೀಮೆಯ ಬೀಸುವ ಪದಗಳನ್ನು ಕುರಿತು ಪಿಎಚ್.ಡಿ. ಮಾಡಿದ. ಪ್ರಾಮಾಣಿಕ ಹುಡುಗ, ನಾಲ್ಕು ವರ್ಷ ಹಳ್ಳಿ ಹಳ್ಳಿ ಅಲೆದ. ಪದ ಹೇಳಿದವರಲ್ಲಿ ನಮ್ಮ ಪಕ್ಕದೂರಿನ ಒಬ್ಬ ಅಜ್ಜಿಯೂ ಇದ್ದರು. ಸಂತೆಯಲ್ಲಿ ಸಿಕ್ಕಾಗಲೆಲ್ಲ, "ಮೇಷ್ಟ್ರೇ, ನಿಮ್ ಹುಡ್ಗ ಬರ್ಕೊಂಡು ಹೋದ್ನಲ್ಲ, ನನ್ ಪದ ಪುಸ್ತಕ್ದಲ್ಲಿ ಬಂತಾ?" ಎಂದು ಕೇಳುತ್ತಿದ್ದರು. ಬಂದಿತ್ತು, ಕೆಂಪು ರೆಕ್ಸಿನ್ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ, ವಿಶ್ವವಿದ್ಯಾನಿಲಯದ ಬೀರುವಿನಲ್ಲಿ. ಅಚ್ಚಾಗಿ ಊರಿಗೆ ಬರಲಿಲ್ಲ. ಪ್ರಕಟಣೆಗೆಂದು ಅವನು ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಅಜ್ಜಿ ತೀರಿಕೊಂಡರು. ಅವರ ಮೊಮ್ಮಗಳಿಗೆ ಆ ಪದಗಳು ಬರುವುದಿಲ್ಲ. ನಾಡಿನ ಬಾಯಿಂದ ಪಡೆದದ್ದನ್ನು ನಾಡಿಗೆ ಹಿಂತಿರುಗಿಸದಿದ್ದರೆ ಅದನ್ನು ಸಂಶೋಧನೆ ಎನ್ನಬೇಕೋ, ತೀರಿಸದ ಸಾಲ ಎನ್ನಬೇಕೋ, ನೀವೇ ಹೇಳಿ. ಶಿಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಪದವಿ ಕೊಟ್ಟು ಕೈತೊಳೆದುಕೊಂಡ ವ್ಯವಸ್ಥೆಯ ಮೇಲೆ ಇದೆ.

ಇದಕ್ಕೆ ಆಕ್ಷೇಪಗಳಿವೆ, ಬಲ್ಲೆ. "ಆಳವಾದ ಸಂಶೋಧನೆ ಎಲ್ಲರಿಗೂ ಅರ್ಥವಾಗಬೇಕೆಂದರೆ ಹೇಗೆ?" ಎನ್ನುತ್ತಾರೆ. ಗಣಿತದ ಪ್ರಮೇಯವನ್ನು ಸಂತೆಯಲ್ಲಿ ಹೇಳಿರೆಂದು ನಾನೂ ಕೇಳುತ್ತಿಲ್ಲ. ಆದರೆ ಆಳಕ್ಕೂ ಓದುಗರಿಗೂ ಹಗೆತನವಿಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಡಾಕ್ಟರೇಟ್ ಪ್ರಬಂಧವೇ. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿದ್ದರಿಂದ ಶಾಸನದ ಕಲ್ಲುಗಳು ನನ್ನಂಥ ಶಾಲಾ ಮೇಷ್ಟ್ರ ಜೊತೆಯಲ್ಲೂ ಮಾತಾಡಿದವು. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ 'ಸಂಸ್ಕಾರ' ಬರೆದರು. 1965ರಲ್ಲಿ ಅದು ಅಚ್ಚಾಯಿತು. ಅಂಥ ಕೃತಿಗೆ ಇಂದಿನ ಅಂಕಪಟ್ಟಿಯ ಯಾವ ಕಾಲಮಿನಲ್ಲಿ ಜಾಗವೋ ನಾನರಿಯೆ.

"ಈಗ ಎಲ್ಲ ಪ್ರಬಂಧಗಳೂ ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವಲ್ಲ?" ಎಂಬುದು ಎರಡನೆಯ ಆಕ್ಷೇಪ. ಅದು ಒಳ್ಳೆಯ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಕೃತಿಚೌರ್ಯ ತಡೆಯಲು, ಮುಂದಿನ ಸಂಶೋಧಕರಿಗೆ ನೆರವಾಗಲು ಅದು ಬೇಕು. ಆದರೆ ಇಟ್ಟಿದ್ದೇವೆ ಎಂಬುದೂ ತಲುಪಿಸಿದ್ದೇವೆ ಎಂಬುದೂ ಒಂದೇ ಅಲ್ಲ. ನಾನು ಬಿ.ಎಡ್. ಓದಿದಾಗ ಪಾಠಯೋಜನೆ ಬರೆಯುವುದನ್ನು ಕಲಿಸಿದ್ದರು. ಉದ್ದೇಶ, ವಿಷಯ, ಚಟುವಟಿಕೆ ಎಲ್ಲ ಬರೆದ ಮೇಲೆ ಕಡೆಯ ಅಂಕಣ ಮೌಲ್ಯಮಾಪನದ್ದು: ಮಗುವಿಗೆ ಏನು ತಲುಪಿತು? ಆ ಅಂಕಣ ಖಾಲಿ ಬಿಟ್ಟರೆ ಪಾಠ ಎಷ್ಟೇ ಚೆನ್ನಾಗಿರಲಿ, ನಮ್ಮ ಗುರುಗಳು ಸಹಿ ಹಾಕುತ್ತಿರಲಿಲ್ಲ. ವಿಶ್ವವಿದ್ಯಾನಿಲಯಗಳು ವರ್ಷಗಟ್ಟಲೆಯಿಂದ ಆ ಅಂಕಣವನ್ನು ಖಾಲಿ ಬಿಟ್ಟೇ ತಮಗೆ ತಾವೇ ಸಹಿ ಹಾಕಿಕೊಳ್ಳುತ್ತಿವೆ.

ಮೂರನೆಯ ಆಕ್ಷೇಪ ಹಣದ್ದು. ಘಟಿಕೋತ್ಸವದ ಶಾಮಿಯಾನಕ್ಕೂ ವಿಚಾರಸಂಕಿರಣದ ಚೀಲ, ಹಾರ, ಶಾಲುಗಳಿಗೂ ಒದಗುವ ಹಣ ನಲವತ್ತು ಪುಟದ ಪುಸ್ತಿಕೆಗೆ ಒದಗುವುದಿಲ್ಲವೆಂದರೆ ನಂಬುವುದು ಕಷ್ಟ. ಕೊರತೆ ಹಣದ್ದಲ್ಲ, ಮನಸ್ಸಿನದು.

ಆದ್ದರಿಂದ ನನ್ನ ಬೇಡಿಕೆ ಮೂರೇ. ಒಂದು, ಕನ್ನಡನಾಡಿನ ಜನಜೀವನ, ಭಾಷೆ, ಬೆಳೆ, ನೀರು, ಆರೋಗ್ಯಗಳನ್ನು ಕುರಿತ ಪ್ರತಿ ಪಿಎಚ್.ಡಿ. ಪ್ರಬಂಧದ ಜೊತೆಗೆ ಹತ್ತನೆಯ ತರಗತಿ ಓದಿದವರಿಗೆ ಅರ್ಥವಾಗುವ ಒಂದು ಕಿರುಪುಸ್ತಕವನ್ನೂ ಸಲ್ಲಿಸಬೇಕು. ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಬೇಕು. ಎರಡು, ಸಾಮಗ್ರಿ ಸಂಗ್ರಹಿಸಿದ ಊರಿನಲ್ಲಿ ಸಂಶೋಧಕರು ಒಂದು ದಿನವಾದರೂ ನಿಂತು, ತಾವು ಕಂಡುಕೊಂಡದ್ದನ್ನು ಆ ಜನರಿಗೆ ಹೇಳಬೇಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮೂರು, ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಪ್ರಾಂಶುಪಾಲರ ಭಾವಚಿತ್ರಗಳ ಸಂಪುಟವಾಗಿಸದೆ ವಿದ್ಯಾರ್ಥಿಗಳ ಕೈಗೊಪ್ಪಿಸಬೇಕು, ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಕಾಪಿಡಬೇಕು. ನಾಳೆಯ ಕವಿಯ ಮೊದಲ ಪದ್ಯ ಅದರಲ್ಲಿರಬಹುದು.

ನಿಯಮ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಪ್ರಬಂಧ ಮುಗಿಸಿದವರು ಅದರ ಸಾರವನ್ನು ತಿಳಿಗನ್ನಡದಲ್ಲಿ ಬರೆದು, ನೀವು ಓದಿದ ಪ್ರೌಢಶಾಲೆಗೆ ಒಂದು ಪ್ರತಿ ಕಳಿಸಿ. ಮೊದಲು ಕರಡನ್ನು ನನಗೆ ಕಳಿಸಿದರೂ ಸಂತೋಷ; ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ. ಕಾಗುಣಿತ ತಿದ್ದಿ, ಅರ್ಥವಾಗದ ಸಾಲಿಗೆ ಅಡಿಗೆರೆ ಎಳೆದು ಒಂದೇ ವಾರದಲ್ಲಿ ಹಿಂದಿರುಗಿಸುತ್ತೇನೆ.