ಕತ್ತಲೆ ಸೀನಿಗೂ ಕರೆಂಟ್ ಬಿಲ್ಲು!

ಪರದೆ ಮೇಲೆ ಅಮಾವಾಸ್ಯೆ ರಾತ್ರಿ. ಖಳನಾಯಕ ಕತ್ತಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ. ಗಾಂಧಿ ಕ್ಲಾಸಿನಲ್ಲೂ ಸಿಳ್ಳೆಯಿಲ್ಲ. ಆಗ ಪ್ರೊಜೆಕ್ಟರಿನ ಝೆನಾನ್ ದೀಪ ಮಂಕಾಗಿರುತ್ತೆ ಅಂದುಕೊಂಡಿರಾ? ಇಲ್ಲ ಸ್ವಾಮೀ! ಹಾಡಿನ ಸೀನಿಗೆ ಉರಿದಷ್ಟೇ ಉರಿಯುತ್ತೆ.

ರೀಲಿನ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ. ಅವು ಸರಿಯುವುದು ಕಾಣದಂತೆ ಶಟರ್ ಸುಮಾರು ಅರ್ಧ ಬೆಳಕನ್ನು ತಡೆಯುತ್ತಿತ್ತು. ಈಗ ಅನೇಕ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿರುವುದು 1987ರಲ್ಲಿ ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಪುಟಾಣಿ ಕನ್ನಡಿಗಳ ಚಿಪ್. ಕಪ್ಪು ಬೇಕೆಂದರೆ ಕನ್ನಡಿ ಓರೆಯಾಗಿ ಬೆಳಕನ್ನು ಒಳಗೇ ಪಕ್ಕಕ್ಕೆ ಎಸೆಯುತ್ತೆ. ಅಲ್ಲಿ ಅದು ಬರೀ ಬಿಸಿ. ಆ ಬಿಸಿ ಹೊರಹಾಕಲು ಫ್ಯಾನು, ಮತ್ತೆ ಕರೆಂಟು!

ಆ ಜಾಗದಲ್ಲಿ ಸೋಲಾರ್ ಸೆಲ್ ಇಟ್ಟರೆ? ಬಿದ್ದ ಬೆಳಕಿನ ಸುಮಾರು ಐದನೇ ಒಂದು ಪಾಲು ಕರೆಂಟಾಗಿ ವಾಪಸು ಬಂದೀತು. ಸೆಲ್ ಕಾದಷ್ಟೂ ಅದೂ ಕಮ್ಮಿ. ಫ್ಯಾನಿಗೆ ಆಸರೆಯಾದೀತು, ದೀಪಕ್ಕೆ ಸಾಲದು.

ನಾನು ಹೇಳೋದು ಇಷ್ಟೇ: ಚೆಲ್ಲಿದ್ದನ್ನು ಬಳಿಯುವುದಕ್ಕಿಂತ ಚೆಲ್ಲದಿರುವುದೇ ಜಾಣತನ. ಲೇಸರ್ ಆದರೆ ಕತ್ತಲೆ ಸೀನು ಬಂದಾಗ ಬೆಳಕನ್ನೇ ತಗ್ಗಿಸಬಹುದು. ನಮ್ಮೂರ ಒಂಟಿ ಟಾಕೀಸು ಉಳೀಬೇಕಾದ್ರೆ ಒಂದೊಂದು ಯೂನಿಟ್ಟೂ ಲೆಕ್ಕವೇ ಕಣ್ರಪ್ಪಾ!