ಲೇತಿನ ನಡುಕಕ್ಕೆ ಹೊಸ ಯಂತ್ರವೇ ಮದ್ದಲ್ಲ

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಊರಿಗೆ ಲೇತಿನ ಕಸುಬನ್ನು ಕಲಿಸಿತು. ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕ ಕಳೆದರೂ ಹರಿಹರ, ದಾವಣಗೆರೆಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಆ ಕಸುಬು ನಿಂತಿಲ್ಲ. ಆದರೆ ಆಳವಾದ ರಂಧ್ರಕ್ಕೆ ಬೋರಿಂಗ್ ಹಾಕುವಾಗ ಟೂಲು ಕಿರುಚಿ, ಜಾಬಿನ ಮೇಲೆ ಗೆರೆ ಮೂಡಿತೆಂದರೆ ನಮಗೆ ಗೊತ್ತಿರುವ ಪರಿಹಾರ ಎರಡೇ: ಸ್ಪೀಡು, ಕಟ್ ಎರಡನ್ನೂ ಇಳಿಸುವುದು, ಇಲ್ಲವೇ ಸಾಲ ಮಾಡಿ ಹೊಸ ಯಂತ್ರ ತರುವುದು. ಇವೆರಡಕ್ಕಿಂತ ಅಗ್ಗದ, ನೂರು ವರ್ಷಗಳಿಂದ ಪರೀಕ್ಷೆಗೆ ಒಳಗಾದ ಮೂರನೆಯ ದಾರಿಯೊಂದಿದೆ. ಅದನ್ನು ವರ್ಕ್‌ಶಾಪಿಗೆ ತಲುಪಿಸುವ ಹೊಣೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳದು.

ಚ್ಯಾಟರ್ ಎಂಬ ಈ ನಡುಕ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಒಂದು ಸುತ್ತಿನಲ್ಲಿ ಟೂಲು ತುಸು ಅದುರಿದರೆ ಜಾಬಿನ ಮೈಮೇಲೆ ಸಣ್ಣ ಅಲೆ ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಟೂಲು ಆ ಅಲೆಯನ್ನೇ ಕೊರೆಯಬೇಕಾಗಿ ಬರುವುದರಿಂದ ಕಿತ್ತುಬರುವ ಲೋಹದ ದಪ್ಪ ಏರಿಳಿಯುತ್ತದೆ, ಬಲವೂ ಏರಿಳಿಯುತ್ತದೆ, ಅದುರು ಇನ್ನಷ್ಟು ಹೆಚ್ಚುತ್ತದೆ. ನಡುಕವಿಲ್ಲದೆ ಎಷ್ಟು ಆಳದ ಕಟ್ ಕೊಡಬಹುದು ಎಂಬುದು ಟೂಲಿನ ಬಿಗಿತ ಮತ್ತು ಅದುರನ್ನು ತಣಿಸುವ ಗುಣ, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ. ಬಿಗಿತ ಬಲು ಬೇಗ ಕೈಕೊಡುತ್ತದೆ: ಟೂಲು ಹಿಡಿದ ಬೋರಿಂಗ್ ಬಾರ್ ಹೊರಚಾಚಿದ ಉದ್ದ ಎರಡು ಪಟ್ಟಾದರೆ ಬಿಗಿತ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿಯೇ ಸಾಮಾನ್ಯ ಉಕ್ಕಿನ ಬಾರ್ ತನ್ನ ವ್ಯಾಸದ ನಾಲ್ಕು ಪಟ್ಟು ಉದ್ದ ದಾಟಿದರೆ ತೊಂದರೆ ಶುರು. ಬಿಗಿತ ಹೆಚ್ಚಿಸಲಾಗದ ಕಡೆ ತಣಿಸುವ ಗುಣವನ್ನಾದರೂ ಹೆಚ್ಚಿಸಬೇಕು. ಅದು ಇಮ್ಮಡಿಯಾದರೆ ಕೊಡಬಹುದಾದ ಕಟ್ ಕೂಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಆ ಕೆಲಸ ಮಾಡುವುದು ಶ್ರುತಿಗೊಳಿಸಿದ ಕಂಪನ ಹೀರುಕ. ಬಾರಿನ ತುದಿಯನ್ನು ಟೊಳ್ಳು ಮಾಡಿ, ಒಳಗೆ ಭಾರವಾದ ಲೋಹದ ತುಂಡನ್ನು ರಬ್ಬರ್ ಉಂಗುರಗಳ ಮೇಲೆ ಕೂರಿಸುತ್ತಾರೆ. ಆ ತುಂಡು ತೂಗಾಡುವ ಆವೃತ್ತಿ ಬಾರಿನ ಸಹಜ ಆವೃತ್ತಿಗೆ ಹತ್ತಿರವಿದ್ದರೆ, ಬಾರಿನ ಅದುರನ್ನು ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ. ರಬ್ಬರು ಆ ಶಕ್ತಿಯನ್ನು ಶಾಖವಾಗಿಸಿ ಕಳೆಯುತ್ತದೆ. ಜರ್ಮನಿಯ ಹರ್ಮನ್ ಫ್ರಾಮ್ 1909ರಲ್ಲೇ ಇಂಥ ಹೀರುಕದ ಪೇಟೆಂಟಿಗೆ ಅರ್ಜಿ ಹಾಕಿದ್ದರು; 1928ರಲ್ಲಿ ಓರ್ಮಂಡ್ರಾಯ್ಡ್ ಮತ್ತು ಡೆನ್ ಹಾರ್ಟಾಗ್ ಎಂಬ ಎಂಜಿನಿಯರುಗಳು ಅದರ ಗಣಿತವನ್ನು ಬಿಡಿಸಿಟ್ಟರು. ಹೈಟೆನ್ಷನ್ ತಂತಿಗಳಲ್ಲಿ ಗೋಪುರದ ಪಕ್ಕದಲ್ಲೇ ನೇತಾಡುವ ಡಂಬೆಲ್ ಆಕಾರದ ತೂಕಗಳು ಗಾಳಿಗೆ ತಂತಿ ಅದುರುವುದನ್ನು ತಡೆಯುವುದು ಇದೇ ತತ್ತ್ವದಿಂದ. ಹೀರುಕವಿರುವ ಬಾರುಗಳು ವ್ಯಾಸದ ಹತ್ತು ಪಟ್ಟು ಉದ್ದದವರೆಗೂ ಕೆಲಸ ಮಾಡುತ್ತವೆ.

ಸ್ಪೀಡು ಇಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಜಾಬಿಗೆ ಸಾಕು. ನೂರು ಜಾಬಿನ ಆರ್ಡರಿನಲ್ಲಿ ಕಳೆದುಹೋದ ಗಂಟೆಗಳೇ ನಷ್ಟ. ಕಾರ್ಬೈಡ್ ಬಾರ್ ಇದೆಯಲ್ಲ ಎನ್ನುವುದೂ ನಿಜ, ಅದರ ಬಿಗಿತ ಉಕ್ಕಿನ ಸುಮಾರು ಮೂರು ಪಟ್ಟು. ಆದರೆ ಬೆಲೆ ದುಬಾರಿ, ಪೆಟ್ಟು ಬಿದ್ದರೆ ಮುರಿಯುತ್ತದೆ, ವ್ಯಾಸದ ಆರು ಪಟ್ಟು ಉದ್ದದ ಆಚೆ ಅದೂ ಸೋಲುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಹೀರುಕ ಒಂದೇ ಆವೃತ್ತಿಗೆ ಹೊಂದುತ್ತದೆ, ಬಾರಿನ ಉದ್ದ ಬದಲಾದರೆ ಶ್ರುತಿ ತಪ್ಪುತ್ತದೆ. ಇದನ್ನು ಒಪ್ಪಲೇಬೇಕು. ಆದರೆ ಅದೇ ಜಾಬು ಮತ್ತೆ ಮತ್ತೆ ಬರುವ ಸಣ್ಣ ವರ್ಕ್‌ಶಾಪಿನಲ್ಲಿ ಬಾರಿನ ಉದ್ದ ಬದಲಾಗುವುದಿಲ್ಲ. ರಬ್ಬರನ್ನು ಒತ್ತುವ ಸ್ಕ್ರೂ ಇಟ್ಟರೆ ಶ್ರುತಿಯನ್ನು ಸರಿಪಡಿಸಿಕೊಳ್ಳಲೂ ಬಹುದು. ಸವೆದ ಸ್ಪಿಂಡಲ್ ಬೇರಿಂಗಿಗೆ ಮಾತ್ರ ಹೀರುಕ ಮದ್ದಲ್ಲ. ಅದನ್ನು ಮೊದಲು ಸರಿಪಡಿಸಲೇಬೇಕು.

ಹಾಗಾದರೆ ಕೊರತೆ ಇರುವುದು ಲೋಹದ್ದೂ ಅಲ್ಲ, ಕೈಚಳಕದ್ದೂ ಅಲ್ಲ. ಆವೃತ್ತಿಯನ್ನು ಅಳೆದು ಹೇಳುವವರದು. ಬಾರನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸಂವೇದಕದಿಂದ ಅಳೆಯುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಕೆಲಸ. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಜೊತೆಗೆ ಬಿಐಇಟಿ ಕಾಲೇಜೂ ಇದೆ. ಹರಿಹರದಲ್ಲಿ ಸರ್ಕಾರದ್ದೇ ಟೂಲ್ ರೂಮ್ ತರಬೇತಿ ಕೇಂದ್ರವಿದೆ. ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ಕೆಲವನ್ನಾದರೂ ಊರಿನ ವರ್ಕ್‌ಶಾಪಿನ ಒಂದೊಂದು ಬಾರಿಗೆ ಮೀಸಲಿಡಲಿ. ಟರ್ನರನ ಅನುಭವವೂ ವಿದ್ಯಾರ್ಥಿಯ ಲೆಕ್ಕವೂ ಒಂದೇ ಲೇತಿನ ಮುಂದೆ ಕೂಡಲು ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ಕಾಲೇಜುಗಳು ಮನಸ್ಸು ಮಾಡಿದರೆ ಸಾಕು.